ಅಲಿಫ್ ಹಾಕದ ಶಬ್ದ

ಮಧ್ಯಾಹ್ನ ಮೂರೂಕಾಲು, ಸೋಮವಾರ, ೧೯೫೧ರ ಜನವರಿ ಎಂಟನೇ ತಾರೀಖು. ಖಟಕ ಚಿಂಚೋಳಿಯ ಧೊಂಡಿಬಾ ಫರಾರಿಯಾಗಿದ್ದಾನೆ ಎಂಬ ಸಂಗತಿ ಸ್ವತಃ ಧೊಂಡಿಬಾನಿಗೆ ತಿಳಿಯಿತು.

ಕಾಗದ ಬಂದದ್ದು ಶನಿವಾರವೇ. ಆದರೆ ಅದು ಉರ್ದುವಿನಲ್ಲಿತ್ತು, ಧೊಂಡಿಬಾನಿಗೆ ಯಾವ ಲಿಪಿಯೂ ಬರುತ್ತಿರಲಿಲ್ಲ. ಎರಡು ದಿನ ಅದನ್ನು ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಕುರಿ ಕಾಯ್ದ. "ಸರಕಾರಿ ಕಾಗದ ತಲಿ ಮ್ಯಾಲ ಇಟ್ಕೊಂಡ್ರ ಒಳಗ ಇಳೀತದೇನು?" ಎಂದು ಹೆಂಡತಿ ಸುಂದರಬಾಯಿ ರೇಗಿದ ಮೇಲೆ ಇಬ್ಬರೂ ಎತ್ತಿನ ಗಾಡಿ ಹತ್ತಿ ಭಾಲ್ಕಿಗೆ ಬಂದರು. ಸರಕಾರಿ ಸಾಲೆಯ ವೈಜಿನಾಥ ಮಾಸ್ತರ ಮೂರನೇ ಇಯತ್ತೆಗೆ ಗುಣಾಕಾರ ಹಚ್ಚಿಕೊಟ್ಟು, ಬಾಗಿಲಲ್ಲಿ ನಿಂತೇ ಕಾಗದ ಓದಿದ.

"ಏನ್ ಬರದಾರ್ರಿ ಮಾಸ್ತರ್ರ?"

"ನೀ ಓಡಿಹೋಗೀದಿ ಅಂತ ಬರದಾರ."

"ಎಲ್ಲಿಂದರಿ?"

"ಫೌಜಿನಿಂದ."

"ತಗಿ ತಗಿ, ನಾ ಇಲ್ಲೇ ನಿಂತೀನಲ್ಲರಿ," ಎಂದ ಧೊಂಡಿಬಾ.

ಪೊಲೀಸ್ ಆ್ಯಕ್ಷನ್ ಆಗಿ ಎರಡು ವರ್ಷ ನಾಲ್ಕು ತಿಂಗಳಾಗುತ್ತ ಬಂದಿತ್ತು. ನಿಜಾಮರ ಫೌಜಿನ ಕಥೆ ಮುಗಿದಿತ್ತು, ಅದರ ಹಳೆಯ ಹಾಜರಿಪಟ್ಟಿಗಳನ್ನು ಮುಚ್ಚುವ ಕೆಲಸವಷ್ಟೇ ಉಳಿದಿತ್ತು. ಆ ಪಟ್ಟಿಯ ಪ್ರಕಾರ ಧೊಂಡಿಬಾ ೧೯೪೦ರಲ್ಲಿ ಸಿಪಾಯಿಯಾದ. ಪಲ್ಟಣದ ಜೊತೆ ಮಲಾಯಾಕ್ಕೆ ಹೋದ. ೧೯೪೨ರ ಫೆಬ್ರವರಿಯಲ್ಲಿ ಸಿಂಗಾಪುರದಲ್ಲಿ ಸಾವಿರಾರು ಮಂದಿಯೊಂದಿಗೆ ಜಪಾನಿಯರ ಕೈದಿಯಾದ. ಮರುವರ್ಷ ಜಪಾನಿಯರು ಅವನನ್ನೂ ಅವನಂಥವರನ್ನೂ ಹಡಗಿನಲ್ಲಿ ತುಂಬಿ, ನ್ಯೂ ಗಿನಿ ಎಂಬ ದ್ವೀಪಕ್ಕೆ ಒಯ್ದು ಹೊರೆ ಹೊರಿಸಿದರು. ೧೯೪೪ರ ಜುಲೈವರೆಗೆ ಹಾಜರಿ ಇದೆ. ಮುಂದಿನ ಹದಿನಾಲ್ಕು ತಿಂಗಳು ಇಲ್ಲ. ೧೯೪೫ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಸಿಪಾಯಿಗಳು ಅವನನ್ನು ಅದೇ ದ್ವೀಪದ ಒಂದು ಹೊಳೆಯ ದಂಡೆಯಿಂದ ಕರೆತಂದರು. ಜೊತೆಯ ಕೈದಿಗಳಲ್ಲಿ ಸಾಕ್ಷಿ ಹೇಳಲು ಒಬ್ಬನೂ ಉಳಿದಿರಲಿಲ್ಲ. ನಡುವಿನ ಖಾಲಿ ಜಾಗದಲ್ಲಿ ಯಾವನೋ ಗುಮಾಸ್ತ 'ಫರಾರಿ, ಪ್ರಾಯಶಃ ದುಷ್ಮನರ ಚಾಕರಿಯಲ್ಲಿ' ಎಂದು ಬರೆದಿದ್ದ.

"ಇದೇ ತಿಂಗಳು ಇಪ್ಪತ್ತೆರಡಕ್ಕ ಬೀದರದಾಗ ಕ್ಯಾಪ್ಟನ್ ಫಕ್ರೋದ್ದೀನ ಸಾಹೇಬರ ಮುಂದ ಹಾಜರಾಗಿ, ಫರಾರಿ ಅಲ್ಲ ಅಂತ ಸಾಕ್ಷಿ ಸಬೂತು ಕೊಡಬೇಕಂತ," ಎಂದ ವೈಜಿನಾಥ. "ಕೊಡದಿದ್ರ ಬರದದ್ದೇ ಕಾಯಂ."

"ಓಡೀನಿ, ಖರೆ ಅದರಿ," ಎಂದ ಧೊಂಡಿಬಾ. "ಜಪಾನಿ ಮಂದಿ ಕೈಯಾಗಿಂದ ಓಡೀನಿ. ಅಲ್ಲೇ ಅಡವ್ಯಾಗ ಹಳ್ಳಿ ಮಂದಿ ಇಟ್ಕೊಂಡ್ರು. ಜಪಾನಿಯವರಿಗಿ ಗೊತ್ತಾದ್ರ ಅವರನ್ನೂ ಕಡಿತಿದ್ರು. ಆದ್ರೂ ಇಟ್ಕೊಂಡ್ರು."

"ಅದನ್ನ ಯಾರು ನಂಬಬೇಕ್ರಿ?" ಎಂದಳು ಸುಂದರಬಾಯಿ. "ನಮ್ಮ ಊರವರೇ ನಂಬಂಗಿಲ್ಲ."

ಇದು ನಿಜ. ೧೯೪೬ರಲ್ಲಿ ಧೊಂಡಿಬಾ ಊರಿಗೆ ಬಂದು ಗಿನಿಯಿಂದ ಬಂದೆ ಎಂದಾಗ ಚಿಂಚೋಳಿಯವರು 'ಗಿಣಿ' ಎಂದು ಕೇಳಿಸಿಕೊಂಡರು. ಅಂದಿನಿಂದ ಅವನು ಗಿಣಿ ಧೊಂಡಿಬಾ. ಆ ಹೆಸರನ್ನು ಸುಂದರಬಾಯಿ ಸಹಿಸಿಕೊಂಡಿದ್ದಳು. ಆದರೆ ಕಮಠಾಣದ ಅವಳ ಅಣ್ಣ ಹಣಮಂತಪ್ಪ ಉರ್ದು ಓದಿದವನು, ನಾಲ್ಕು ಜನರ ಮುಂದೆ ಮಾತಾಡುವವನು. ನಮ್ಮ ತಂಗಿಯ ಗಂಡ ಅಲ್ಲಿ ಜಪಾನಿಯರ ಅನ್ನ ಬೇಯಿಸುತ್ತ ಬೆಚ್ಚಗಿದ್ದ ಎಂದು ಅವನು ಹಬ್ಬಹುಣ್ಣಿಮೆಗೆಲ್ಲ ನಗೆ ಮಾಡುತ್ತಿದ್ದ. ಈಗ ಸರಕಾರವೂ ಅದನ್ನೇ ಬರೆದಿತ್ತು. ಇಪ್ಪತ್ತೆರಡಕ್ಕೆ ಅದರ ಮೇಲೆ ಶಿಕ್ಕಾ ಬಿದ್ದರೆ ಹಣಮಂತಪ್ಪನ ಚೇಷ್ಟೆ ದಾಖಲೆಯಾಗುತ್ತದೆ. ಸಾಯುವ ತನಕ ಅವಳು ಫರಾರಿಯ ಹೆಂಡತಿ.

ವೈಜಿನಾಥ ಕಾಗದ ಮಡಚಿ ಕೊಟ್ಟ. ಸುಮ್ಮನಿರಬಾರದೆಂದು ಒಂದು ಪ್ರಶ್ನೆ ಕೇಳಿದ.

"ಅಲ್ಲಿ ಯಾವ ಭಾಷಾ ಆಡ್ತಾರ ಧೊಂಡಿಬಾ?"

"ಯಾವ ಊರಿಂದು ಕೇಳ್ತೀರಿ? ನಾ ನಾಕು ಊರಾಗ ಇದ್ದೆ. ನಾಕೂ ಕಡಿ ಬ್ಯಾರೆ ಬ್ಯಾರೆ."

ಮೂರನೇ ಇಯತ್ತೆಯ ಹುಡುಗರು ಅಂದು ಗುಣಾಕಾರದಿಂದ ಬೇಗ ಪಾರಾದರು.

ವೈಜಿನಾಥ ಔರಾದದವನು. ಔರಾದದಲ್ಲಿ ಹುಟ್ಟಿದವನು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು ಆಡುತ್ತ ಬೆಳೆಯುತ್ತಾನೆ. ಆಡುವುದಷ್ಟೇ, ಅದರ ಬಗ್ಗೆ ಯೋಚಿಸುವವರು ಕಡಿಮೆ. ವೈಜಿನಾಥ ಯೋಚಿಸುತ್ತಿದ್ದ. ಶಬ್ದಗಳ ಪಟ್ಟಿ ಮಾಡುವ ಚಟ ಅವನಿಗೆ ಇತರರಿಗೆ ತಂಬಾಕಿನ ಚಟ ಇದ್ದಷ್ಟೇ ಗಟ್ಟಿಯಾಗಿತ್ತು.

ಮರುದಿನದಿಂದ ಧೊಂಡಿಬಾ ಭಾಲ್ಕಿಯಲ್ಲಿ ನೆಂಟರ ಮನೆಯಲ್ಲಿ ಉಳಿದ. ಸುಂದರಬಾಯಿ ಕುರಿ ನೋಡಿಕೊಳ್ಳಲು ಊರಿಗೆ ಹೋದಳು. ಸಾಲೆ ಬಿಟ್ಟ ಮೇಲೆ ದಿನಾ ಪಡಸಾಲೆಯಲ್ಲಿ ಕೂಟ. ವೈಜಿನಾಥ ಕಾಗದದ ಮೇಲೆ ನಾಲ್ಕು ಸಾಲು ಎಳೆದು ನಾಲ್ಕು ಊರಿನ ಹೆಸರು ಬರೆದ: ಯಾಮ್ರಿ, ಕೊರಂಬಾ, ವಾಸೆ, ತುಮನ. ಯಾಮ್ರಿಯಲ್ಲಿ ಧೊಂಡಿಬಾ ಎಂಟು ತಿಂಗಳಿದ್ದ. ಜಪಾನಿಯರ ಸುಳಿವು ಸಿಕ್ಕಾಗ ಕೊರಂಬಾದಲ್ಲಿ ಮೂರು ತಿಂಗಳು, ಮತ್ತೆ ಸುಳಿವು ಸಿಕ್ಕಾಗ ವಾಸೆಯಲ್ಲಿ ಎರಡೂವರೆ. ಗಡಿಗೆ ಮಾಡುವವರ ಊರಾದ ತುಮನದಲ್ಲಿ ಹನ್ನೆರಡೇ ದಿನ.

"ನೀರಿಗೆ?"

"ಯಾಮ್ರಿಯಾಗ ತೆಪು ಅಂತಾರ್ರಿ. ಕೊರಂಬಾದಾಗ ಸೆಪು. ವಾಸೆದಾಗ ರೆಪು."

"ಬೆಂಕಿಗೆ?"

"ತಾಮ. ಅತ್ಲಾಗ ಸಾಮ. ಅದರಾಚಿ ರಾಮ."

"ಬೆಂಕಿಗೆ ರಾಮ ಅಂತಾರ?"

"ಹೌದ್ರಿ. ಹೆಣ್ಣುಮಕ್ಕಳು ಒಲಿ ಮುಂದ ಕುಂತು ಮುಂಜಾನಿಂದ ರಾಮ ರಾಮ ಅಂತಿದ್ರು. ನಾ ಮೊದಲ ದಿನ ಕೈ ಮುಗದೆ."

"ಮನಿಗೆ?"

"ಕೊತೆ, ಕೊಸೆ, ಕೊರೆ."

"ಕೈಗೆ?"

"ನಕ. ಎಲ್ಲಾ ಕಡಿ ನಕ."

"ತುಮನದಾಗ?"

"ತಗಿ ತಗಿ, ಅದು ಬ್ಯಾರೇನೇ ಅದರಿ. ನೀರಿಗಿ ಬಗ್ಗ, ಬೆಂಕಿಗಿ ಜೀವಿ, ಕೈಗಿ ಒಲ್ಲ. ಮೂರು ಊರವರು ಅಕ್ಕತಂಗೇರ ಗತಿ ಮಾತಾಡಿದ್ರ ತುಮನದವರು ಜಗಳಾಡಿದಂಗ ಮಾತಾಡ್ತಾರ."

ಐದು ಸಂಜೆಗಳಲ್ಲಿ ನೂರ ಹನ್ನೆರಡು ಶಬ್ದಗಳಾದವು. ವೈಜಿನಾಥನ ಕಣ್ಣಿಗೆ ಒಂದು ಕ್ರಮ ಕಾಣುತ್ತಿತ್ತು, ಆದರೆ ಕೈಗೆ ಸಿಗುತ್ತಿರಲಿಲ್ಲ. ಅದು ಸಿಕ್ಕದ್ದು ಔರಾದದಲ್ಲಿ, ಹದಿನಾಲ್ಕನೇ ತಾರೀಖು, ಸಂಕ್ರಮಣದ ಭಾನುವಾರ. ಹಬ್ಬಕ್ಕೆಂದು ಮೋಟಾರು ಹಿಡಿದು ಹೋದವನು ಅಂಗಳದಲ್ಲಿ ಕೂತಿದ್ದ. ಹಾಲಿನವಳು ಗಡಿಯಾಚೆಯ ತೆಲುಗಿನ ಹೆಂಗಸು. "ಪಾಲು" ಎಂದು ಕೂಗಿದಳು. ತಾಯಿ ಅಂಜನಾಬಾಯಿ ತಂಬಿಗೆ ಹಿಡಿದು ಹೋಗಿ ಅವಳೊಡನೆ ತೆಲುಗಿನಲ್ಲೇ ಒಂದು ಜಗಳ ಮುಗಿಸಿಕೊಂಡು ಬಂದಳು.

"ಅವ್ವಾ, ನೀ ತೆಲಗು ಹ್ಯಾಂಗ ಕಲತಿ?"

"ಕಲಿಯೂದೇನದ ಅದರಾಗ? ಹ ಇದ್ದಲ್ಲಿ ಪ ಹಚ್ಚು. ಹಾಲು ಪಾಲು, ಹುಲಿ ಪುಲಿ, ಹಂದಿ ಪಂದಿ. ಹಾವು ಬಂತಂದ್ರ ಪಾಮು ಅಂದು ಓಡು. ಇಷ್ಟಕ್ಕ ಸಾಲಿ ಕಲೀಬೇಕೇನೋ?"

ವೈಜಿನಾಥ ಹೋಳಿಗೆ ಅರ್ಧಕ್ಕೆ ಬಿಟ್ಟು ಕಾಗದ ಬಿಚ್ಚಿದ. ಯಾಮ್ರಿಯಲ್ಲಿ ತ ಇದ್ದಲ್ಲೆಲ್ಲ ಕೊರಂಬಾದಲ್ಲಿ ಸ, ವಾಸೆಯಲ್ಲಿ ರ. ಶಬ್ದದ ಮೊದಲಿಗಿದ್ದರೂ ಸರಿ, ನಡುವೆ ಇದ್ದರೂ ಸರಿ. ನಕ ಎಂಬುದರಲ್ಲಿ ತ ಇಲ್ಲ, ಅದಕ್ಕೇ ಅದು ಮೂರೂ ಕಡೆ ಒಂದೇ. ಮೂವತ್ತೆಂಟು ಶಬ್ದಗಳಲ್ಲಿ ತ ಇತ್ತು. ಮೂವತ್ತೇಳು ಲೆಕ್ಕ ತಪ್ಪದೆ ಬದಲಾಗಿದ್ದವು. ಮೂರು ಊರಿನ ಭಾಷೆ ಒಂದೇ ತಾಯಿಯ ಮಕ್ಕಳು, ಅನುಮಾನವಿಲ್ಲ.

ಮೂವತ್ತೆಂಟನೆಯ ಶಬ್ದ ಮಾತ್ರ ಮೊಂಡು. ಹೊರಗಿನಿಂದ ಬಂದ ಮನುಷ್ಯನಿಗೆ ಯಾಮ್ರಿಯಲ್ಲಿ 'ತಾಗಿತಾಗಿ'. ಕೊರಂಬಾದಲ್ಲಿ 'ಸಾಗಿಸಾಗಿ' ಆಗಬೇಕಿತ್ತು, ಆಗಿರಲಿಲ್ಲ. ಅಲ್ಲಿಯೂ ತಾಗಿತಾಗಿ, ವಾಸೆಯಲ್ಲಿಯೂ ತಾಗಿತಾಗಿ. ಮತ್ತೇನೂ ಹೊಂದದ ತುಮನದಲ್ಲಿ ಕೂಡ ತಾಗಿತಾಗಿ.

ಇಲ್ಲಿ ವೈಜಿನಾಥ ಒಂದು ತಪ್ಪು ಮಾಡಿದ. ಲೆಕ್ಕಕ್ಕೆ ಬಾರದ ಶಬ್ದವನ್ನು ಬದಿಗಿಡಬೇಕಿತ್ತು. ಅವನು ಅದನ್ನು ನೆತ್ತಿಯ ಮೇಲೆ ಹೊತ್ತುಕೊಂಡ. ಇದು ಬಹಳ ಪುರಾತನ ಶಬ್ದ, ಅದಕ್ಕೇ ಸವೆದಿಲ್ಲ, ಆದ್ದರಿಂದ ತುಮನವೂ ದೂರದ ದಾಯಾದಿ ಎಂದು ತೀರ್ಮಾನಿಸಿದ. ನಿಜಾಮರ ರಾಜ್ಯದ ಹಳೆಯ ನಕಾಶೆಯೊಂದು ಸಾಲೆಯಲ್ಲಿ ಕೆಲಸಕ್ಕೆ ಬಾರದೆ ಬಿದ್ದಿತ್ತು. ಅದರ ಬೆನ್ನಿಗೆ ಒಂದು ಮರ ಬರೆದು ಮೂರು ಕೊಂಬೆ ಹತ್ತಿರ, ಒಂದು ದೂರ ತೋರಿಸಿದ. ಮರದ ಬೇರಿನಲ್ಲಿ ತಾಗಿತಾಗಿ ಎಂದು ಕೆಂಪು ಶಾಯಿಯಲ್ಲಿ ಬರೆದ. ನೋಡಲು ಬಹಳ ಚೆನ್ನಾಗಿತ್ತು.

"ಇದೇ ನಿನ್ನ ಸಬೂತು," ಎಂದು ಧೊಂಡಿಬಾನಿಗೆ ತೋರಿಸಿದ. "ಸುಳ್ಳುಗಾರ ಒಂದು ಭಾಷಾ ಹುಟ್ಟಿಸಬಹುದು. ಅಕ್ಕತಂಗಿ ಆಗೂವಂಥ ಮೂರು ಭಾಷಾ ಯಾವನಿಗೂ ಹುಟ್ಟಿಸಲಿಕ್ಕ ಆಗೂದಿಲ್ಲ. ನೀ ಆ ಊರುಗಳಾಗ ಇದ್ದದ್ದು ಖರೆ ಅಂತ ಆ ಊರಿನ ಅಕ್ಷರಗಳೇ ಸಾಕ್ಷಿ ಹೇಳ್ತಾವ."

ಧೊಂಡಿಬಾ ಮರವನ್ನು ತಲೆಕೆಳಗಾಗಿ ನೋಡಿ, "ತಗಿ ತಗಿ, ಇದರಾಗ ನಾ ಎಲ್ಲಿ ಅದೀನ್ರಿ?" ಎಂದ.

ಜನವರಿ ಇಪ್ಪತ್ತೆರಡು, ಸೋಮವಾರ. ಮೂವರೂ ಬೆಳಗಿನ ರೈಲಿಗೆ ಭಾಲ್ಕಿ ಬಿಟ್ಟು ಬೀದರಿಗೆ ಬಂದರು. ಊರ ನಡುವಿನ ಕಾವಲು ಗೋಪುರ ಚೌಬಾರಾದ ಹತ್ತಿರದ ಕಚೇರಿಯಲ್ಲಿ ಅವರನ್ನು ಕರೆದಾಗ ಹನ್ನೊಂದೂವರೆ. ಕ್ಯಾಪ್ಟನ್ ಫಕ್ರೋದ್ದೀನ ಐವತ್ತು ದಾಟಿದ, ಬೀದರಿನವನೇ ಆದ ಮನುಷ್ಯ. ತಾನು ನೌಕರಿ ಮಾಡಿದ ಫೌಜಿನ ಪಟ್ಟಿಗಳನ್ನು ತಾನೇ ಮುಚ್ಚಬೇಕಾಗಿ ಬಂದವನು. ಪಕ್ಕದಲ್ಲಿ ಗುಮಾಸ್ತ ಮಕ್ಸೂದ ಕಲಮು ಹಿಡಿದು ಕೂತಿದ್ದ. ಆಡಿದ ಮಾತನ್ನು ಆಡಿದ ಹಾಗೇ ಉರ್ದು ಲಿಪಿಯಲ್ಲಿ ಇಳಿಸುವುದು ಅವನ ಕೆಲಸ. ಕೆಮ್ಮಿದರೆ ಕೆಮ್ಮನ್ನೂ ಬರೆಯುತ್ತಾನೆ ಎಂದು ಕಚೇರಿಯಲ್ಲಿ ಖ್ಯಾತಿ. ಸುಂದರಬಾಯಿ ಬಾಗಿಲ ಬಳಿ ಗೋಡೆಗೆ ಒರಗಿ ಕೂತಳು.

"ನೀ ಗಿನಿಗೆ ಹೋದದ್ದು ಕಾಗದದಾಗ ಅದ," ಎಂದ ಕ್ಯಾಪ್ಟನ್. "ಹದಿನಾಲ್ಕು ತಿಂಗಳು ಅಲ್ಲಿ ಏನ್ ಮಾಡಿದಿ, ಅದು ಇಲ್ಲ. ಹೇಳು."

ಧೊಂಡಿಬಾ ಹೇಳಿದ. ಅಡವಿ, ಹೊಳೆ, ಮರದ ತಿರುಳಿನ ಹಿಟ್ಟು, ಜಿಗಣೆ, ಜ್ವರ. ಯಾಮ್ರಿಯ ಮುದುಕಿಯೊಬ್ಬಳು ಅವನನ್ನು ಗಡಿಗೆಗಳ ಹಿಂದೆ ಬಚ್ಚಿಟ್ಟು, ಮುಂದೆ ಕೂತು ಜಪಾನಿ ಸಿಪಾಯಿಗೆ ಬೈದದ್ದು. ಮಕ್ಸೂದನ ಕಲಮು ಸರಸರ ಓಡಿತು.

"ಜಪಾನಿಯವರ ಅಡಗಿ ಮಾಡಲಿಲ್ಲ?"

"ತಗಿ ತಗಿ ಸಾಹೇಬ್ರ, ನಂಗ ಅನ್ನ ಮಾಡಲಿಕ್ಕೇ ಬರೂದಿಲ್ಲರಿ. ಬೇಕಾದ್ರ ಅಕಿನ್ನ ಕೇಳ್ರಿ."

"ಖರೆ ಅದರಿ," ಎಂದಳು ಸುಂದರಬಾಯಿ ಬಾಗಿಲಿಂದ. "ಒಮ್ಮೆ ಮಾಡಿದ್ರು. ನಾಯಿ ತಿನಲಿಲ್ಲ."

"ಹೆಂಡತಿ ಮಾತು ಸಬೂತಲ್ಲ," ಎಂದು ಕ್ಯಾಪ್ಟನ್ ಮೀಸೆಯಲ್ಲೇ ನಕ್ಕ. ಆಗ ವೈಜಿನಾಥ ಎದ್ದು ನಿಂತು ನಕಾಶೆ ಬಿಚ್ಚಿದ. ಕ್ಯಾಪ್ಟನ್ ಹೈದರಾಬಾದು ರಾಜ್ಯವನ್ನು ಒಂದು ಕ್ಷಣ ನೋಡಿದ. ವೈಜಿನಾಥ ಅವಸರದಿಂದ ಮಗುಚಿದ.

ಹತ್ತು ನಿಮಿಷ ಅವನು ವಿವರಿಸಿದ. ತ, ಸ, ರ. ತೆಪು, ಸೆಪು, ರೆಪು. ಅರ್ಥವಾಗಲೆಂದು ಹಾಲು ಪಾಲು, ಹುಲಿ ಪುಲಿಯನ್ನೂ ತಂದ.

"ಅಂದ್ರ ಹ ಹೋಗಿ ಪ ಬರ್ತದ ಅಂತೀರಿ," ಎಂದ ಕ್ಯಾಪ್ಟನ್. "ಹಂಗಾದ್ರ ನಮ್ಮ ಹಜಾಮ ಆ ಕಡಿ ಹೋದ್ರ ಪಜಾಮ ಆಗ್ತಾನೇನು?"

ಮಕ್ಸೂದ ನಕ್ಕು, ನಕ್ಕದ್ದನ್ನು ಬರೆಯಬೇಕೋ ಬೇಡವೋ ಎಂದು ಕಲಮು ಎತ್ತಿ ಹಿಡಿದ.

"ನನ್ನನ್ನ ಪರೀಕ್ಷಾ ಮಾಡ್ರಿ ಸಾಹೇಬ್ರ," ಎಂದ ವೈಜಿನಾಥ. "ಪಟ್ಟಿಯಾಗ ಇಲ್ಲದ ಶಬ್ದ ಕೇಳ್ರಿ. ಯಾಮ್ರಿದು ಧೊಂಡಿಬಾ ಹೇಳ್ತಾನ. ವಾಸೆದು ಏನಂತ ನಾ ಚೀಟಿ ಮ್ಯಾಲ ಬರದು ಮಡಚಿ ಇಡ್ತೇನಿ. ಆಮ್ಯಾಲ ಅವನಿಗೇ ಕೇಳ್ರಿ."

ಕ್ಯಾಪ್ಟನ್ ಸೊಳ್ಳೆ ಕೇಳಿದ. ಧೊಂಡಿಬಾ ವೆತಾ ಎಂದ. ವೈಜಿನಾಥ ಬರೆದು ಮಡಚಿದ. ವಾಸೆಯಲ್ಲಿ? ವೆರಾ. ಚೀಟಿ ಬಿಚ್ಚಿದರೆ ವೆರಾ. ಹಗ್ಗ ಕೇಳಿದ. ತೊಲಿ. ವಾಸೆಯಲ್ಲಿ ರೊಲಿ. ಚೀಟಿಯಲ್ಲಿಯೂ ರೊಲಿ. ವೈಜಿನಾಥ ಗೆದ್ದ ಕುಸ್ತಿಯಾಳಿನ ಹಾಗೆ ಸುತ್ತ ನೋಡಿದ.

"ಶಾಬಾಷ್," ಎಂದ ಕ್ಯಾಪ್ಟನ್. "ಈಗ ನನ್ನ ಮಾತು ಕೇಳ್ರಿ ಮಾಸ್ತರ ಸಾಬ್. ತ ತಗದು ರ ಹಚ್ಚೂದು ನಿಮಗ ಬರ್ತದ. ನಿಮಗ ಬಂದದ್ದು ಇವನಿಗೆ ಬರಬಾರದಂತ ಎಲ್ಲದ? ಎರಡು ವಾರ ಇವ ನಿಮ್ಮ ಸಾಲ್ಯಾಗೇ ಕುಂತಾನ. ನೀವು ಕಲಿಸಿರಬಹುದು. ಅವ ತ ಇದ್ದ ಯಾವುದೋ ಸುಳ್ಳ ಶಬ್ದ ಅಂದ್ರೂ ಚೀಟಿ ಹೊಂದೇ ಹೊಂದ್ತದ."

ವೈ‌ಜಿನಾಥ ಬಿಚ್ಚಿದ ಚೀಟಿಗಳನ್ನು ಮತ್ತೆ ಮಡಚಿದ. ನಿಯಮ ಎಷ್ಟು ಚೊಕ್ಕವೋ ಅಷ್ಟು ಸುಲಭವಾಗಿ ಕಲಿಸಬಹುದು. ಇದು ಅವನಿಗೆ ಹೊಳೆದೇ ಇರಲಿಲ್ಲ.

ಕ್ಯಾಪ್ಟನ್ ನಕಾಶೆಯನ್ನು ಹತ್ತಿರಕ್ಕೆ ಎಳೆದುಕೊಂಡ. "ಈ ಕೆಂಪು ಶಾಯಿದು ಏನಿದು? ತಾಗಿತಾಗಿ?"

"ಹೊರಗಿನವ ಅಂತ ಅರ್ಥರಿ. ನಾಕೂ ಊರಾಗ ಅದ."

"ನಾಕೂ ಊರಾಗ ತ ನೇ ಅದಲ್ಲ. ನಿಮ್ಮ ನಿಯಮದ ಪ್ರಕಾರ ಸಾಗಿಸಾಗಿ, ರಾಗಿರಾಗಿ ಆಗಬೇಕಿತ್ತು."

"ಅದು... ಬಹಳ ಹಳೀ ಶಬ್ದರಿ."

"ನೀರು ಬೆಂಕಿಗಿಂತ ಹಳೀದು?"

ಕ್ಯಾಪ್ಟನ್ ಕುರ್ಚಿಗೆ ಒರಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮುಗಿಸುವ ಅವಸರವಿತ್ತು. "ಇದೊಂದು ಶಬ್ದ ಇವಗ ಕಲಿಸೂದು ಮರತೀರಿ ಅಂತ ನಾ ತಿಳಿದ್ರ ತಪ್ಪೇನು? ಮಕ್ಸೂದ, ಬರಿ. ಸಬೂತು ಸಾಲದು."

ಬಾಗಿಲ ಬಳಿ ಸುಂದರಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಧೊಂಡಿಬಾ ನೆಲ ನೋಡಿದ. ಮಕ್ಸೂದ ಬರೆಯಲಿಲ್ಲ. ಕಲಮಿನ ತುದಿಯಿಂದ ಕಿವಿ ಕೆರೆದುಕೊಂಡು, ಬರೆದದ್ದನ್ನು ಹಿಂದಕ್ಕೆ ತಿರುವಿ ತಿರುವಿ ನೋಡುತ್ತಿದ್ದ.

"ಸಾಬ್, ಒಂದು ಅನುಮಾನ. ಈ ಶಬ್ದಕ್ಕ ಅಲಿಫ್ ಹಾಕಬೇಕೋ ಬ್ಯಾಡೋ?"

"ಯಾವ ಶಬ್ದಕ್ಕ?"

"ಈಗ ನೀವು ಅಂದ್ರಲ್ಲ, ತಾಗಿತಾಗಿ. ಅಲಿಫ್ ಹಾಕಿದ್ರ ತಾ, ಬಿಟ್ರ ತ. ಮುಂಜಾನಿಂದ ನಾ ಹಾಕದೇ ಬರೀಲಿಕ್ಕತ್ತೀನಿ. ತಗಿ ತಗಿ. ಹಾಕಬೇಕಿದ್ರ ಎಲ್ಲಾ ಕಡಿ ತಿದ್ದಬೇಕಾಗ್ತದ."

"ಮುಂಜಾನಿಂದ? ಈ ಶಬ್ದ ಬಂದದ್ದೇ ಈಗ ಅಲ್ಲೇನು?"

"ಇಲ್ಲ ಸಾಬ್. ಮೊದಲನೇ ಪುಟದಾಗೇ ಅದ." ಮಕ್ಸೂದ ಬೆರಳು ಇಟ್ಟು ಓದಿದ. "'ತಗಿ ತಗಿ, ನಂಗ ಹಡಗ ಹೊಸದು.' 'ತಗಿ ತಗಿ, ಜಿಗಣಿ ಅಂದ್ರ ಇಷ್ಟುದ್ದ.' 'ತಗಿ ತಗಿ ಸಾಹೇಬ್ರ, ನಂಗ ಅನ್ನ ಮಾಡಲಿಕ್ಕೇ ಬರೂದಿಲ್ಲ.' ಒಟ್ಟು ಹನ್ನೊಂದು ಕಡಿ."

ಸುಂದರಬಾಯಿಗೆ ನಗು ತಡೆಯಲಾಗಲಿಲ್ಲ. ಸೆರಗಿನೊಳಗಿಂದಲೇ ಸಿಡಿಯಿತು. "ಅದು ಯಾವ ದೇಶದ್ದೂ ಅಲ್ರಿ ಸಾಹೇಬ್ರ! ಅದು ಇವರ ಬಾಯಿದು! ನಿದ್ದಿಗಣ್ಣಾಗ ಎಬ್ಬಸಿದ್ರೂ ತಗಿ ತಗಿ ಅಂತಾರ. ಲಗ್ನದಾಗ ನನ್ನ ಹೆಸರು ಹೇಳಂದ್ರ ತಗಿ ತಗಿ ಅಂದಿದ್ರು!"

ವೈಜಿನಾಥ ಕೆಂಪು ಶಾಯಿಯ ಮೇಲೆ ಅಂಗೈ ಇಟ್ಟ. ಎರಡು ವಾರ ಅವನು ಆ ಮನುಷ್ಯನ ಎದುರು ಕೂತಿದ್ದ, ನೂರ ಹನ್ನೆರಡು ಶಬ್ದ ಬರೆದುಕೊಂಡಿದ್ದ. ಪ್ರತಿ ಶಬ್ದದ ಹಿಂದೆ ಮುಂದೆ ತಗಿ ತಗಿ ಕೇಳಿದ್ದ. ಕೇಳಿದರೂ ಕೇಳಿಸಿರಲಿಲ್ಲ. 'ಬಿಡು ಬಿಡು' ಎನ್ನಲು ನಮ್ಮ ಕಡೆಯವರೆಲ್ಲ ಆಡುವ ಮಾತು, ಅದನ್ನು ಯಾರು ಗಮನಿಸುತ್ತಾರೆ? ಗಮನಿಸಿದವರು ಯಾಮ್ರಿಯವರು. ಹೆಸರು ಗೊತ್ತಿಲ್ಲದ ಒಬ್ಬ ಮನುಷ್ಯ ಅಡವಿಯಿಂದ ಬಂದ, ಬಾಯಿ ತೆರೆದಾಗಲೆಲ್ಲ ಒಂದೇ ಮಾತು ಅಂದ. ಅದನ್ನೇ ಅವನ ಹೆಸರು ಮಾಡಿದರು. ಅವನಂಥ ಹೊರಗಿನವರಿಗೆಲ್ಲ ಅದೇ ಹೆಸರಾಯಿತು.

"ಸಾಹೇಬ್ರ," ಎಂದ ವೈಜಿನಾಥ. "ಹಜಾಮ ಯಾಕ ಪಜಾಮ ಆಗೂದಿಲ್ಲ, ಈಗ ಹೇಳ್ತೇನಿ. ಹಾಲು, ಹುಲಿ ಮನ್ಯಾಗ ಹುಟ್ಟಿದ ಶಬ್ದ. ಹಜಾಮ ಮೊನ್ನಿ ಮೊನ್ನಿ ಹೊರಗಿಂದ ಬಂದದ್ದು. ಮನಿ ಮಕ್ಕಳು ಮನಿ ಚಾಲು ಕಲೀತಾವ, ಬೀಗರು ಬಂದಂಗೇ ಇರ್ತಾರ. ಈ ತಾಗಿತಾಗಿನೂ ಬೀಗ. ತ ಹೋಗಿ ಸ ಆಗಲಿಲ್ಲ, ರ ಆಗಲಿಲ್ಲ, ಯಾಕಂದ್ರ ಅದು ಆ ಊರಿಗೆ ಹೋಗಿದ್ದೇ ಧೊಂಡಿಬಾನ ಕೂಡ."

"ಅಥವಾ ಇವ ಸುಳ್ಳು ಕಟ್ಟೂ ಮುಂದ ತನ್ನ ಮಾತೇ ತುರುಕ್ಯಾನ."

"ತುರುಕಬೇಕಂದ್ರ ತಾ ಅದನ್ನ ಅಂತೇನಿ ಅಂತ ಅವನಿಗೆ ಗೊತ್ತಿರಬೇಕಲ್ರಿ? ಕೇಳಿ ನೋಡ್ರಿ."

ಕ್ಯಾಪ್ಟನ್ ಧೊಂಡಿಬಾನ ಕಡೆ ತಿರುಗಿದ. "ಏನೋ, ನೀ ಮಾತಿಗೊಮ್ಮೆ ತಗಿ ತಗಿ ಅಂತಿ, ಗೊತ್ತದೇನು?"

ಧೊಂಡಿಬಾ ನಿಜವಾಗಿಯೂ ನೊಂದುಕೊಂಡ. ಇಷ್ಟು ಹೊತ್ತು ಫರಾರಿ ಎಂದಾಗಲೂ ಅವನ ಮುಖ ಹಾಗೆ ಆಗಿರಲಿಲ್ಲ.

"ತಗಿ ತಗಿ, ನಾ ಯಾಕ ಅಂತೇನ್ರಿ ಸಾಹೇಬ್ರ? ಅದು ಅವರ ಮಾತರಿ. ಅವರೇ ನನಗ ಅಂತಿದ್ರು."

"ಹನ್ನೆರಡು," ಎಂದ ಮಕ್ಸೂದ, ಬರೆಯುತ್ತ.

ಕ್ಯಾಪ್ಟನ್ ಫಕ್ರೋದ್ದೀನ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ನಕ್ಕದ್ದಕ್ಕೋ ಧೂಳಿಗೋ ಹೇಳಲಾಗದು. ಮಕ್ಸೂದ ಮಾತ್ರ ಅದನ್ನು ಬರೆಯಲಿಲ್ಲ.

"ಒಂದು ಊರಾಗ ಎರಡು ದಿನ ಇದ್ದವನಿಗೆ ಯಾರೂ ಅಡ್ಡಹೆಸರು ಇಡೂದಿಲ್ಲ," ಎಂದ ಕ್ಯಾಪ್ಟನ್. "ಅದು ಮುಂದಿನ ಮೂರು ಊರಿಗೆ ಹಬ್ಬಬೇಕಂದ್ರ ಜಪಾನಿಯವರ ಅಡಗಿಮನ್ಯಾಗ ಕುಂತ್ರ ಆಗೂದಿಲ್ಲ. ಮತ್ತ ಮಾಸ್ತರ ಸಾಬ್, ನೀವು ಇವನಿಗೆ ಕಲಿಸೀರಿ ಅಂತ ಅಂದದ್ದು ಹಿಂದ ತಗೋತೇನಿ."

"ಯಾಕ್ರಿ?"

"ಕಲಿಸಿದವರು ಇದನ್ನ ಕೆಂಪು ಶಾಯಿಯಾಗ ಬರದು ಮರದ ಬುಡಕ್ಕ ಹಚ್ಚತಿದ್ದಿಲ್ಲ. ನಿಮಗೂ ಗೊತ್ತಿದ್ದಿಲ್ಲ. ನಿಮ್ಮ ತಪ್ಪೇ ನಿಮ್ಮ ಸಬೂತು."

ವೈಜಿನಾಥ ತಲೆ ತಗ್ಗಿಸಿ, "ಅಂದ್ರ ತುಮನ ಈ ಮನಿಯದಲ್ಲ," ಎಂದ. ಅವನ ನಾಲ್ಕು ಭಾಷೆಯ ಕುಟುಂಬ ಕಚೇರಿಯ ಮೇಜಿನ ಮೇಲೇ ಮೂರಾಯಿತು. "ಗಡಿಗಿ ಮಾರಲಿಕ್ಕ ಬಂದವರು ಶಬ್ದ ಒಯ್ದಾರ, ಅಷ್ಟೇ."

"ನಾ ಮೊದಲೇ ಅಂದಿದ್ದೆಲ್ರಿ ಮಾಸ್ತರ್ರ," ಎಂದ ಧೊಂಡಿಬಾ. "ಅವರು ಜಗಳಾಡಿದಂಗ ಮಾತಾಡ್ತಾರ ಅಂತ."

"ಸಾಬ್," ಎಂದ ಮಕ್ಸೂದ. "ಅಲಿಫ್?"

"ಇವ ಅಂದಲ್ಲಿ ಬ್ಯಾಡ," ಎಂದ ಕ್ಯಾಪ್ಟನ್. "ಅವರು ಅಂದಲ್ಲಿ ಹಾಕು."

ಹೊರಗೆ ಬಂದಾಗ ಒಂದೂಮುಕ್ಕಾಲು. ಚೌಬಾರಾದ ಕೆಳಗೆ ಸುಂದರಬಾಯಿ ರೊಟ್ಟಿಯ ಗಂಟು ಬಿಚ್ಚಿ ಮೊದಲ ರೊಟ್ಟಿಯನ್ನು ಮಾಸ್ತರನಿಗೆ ಕೊಟ್ಟಳು. ಧೊಂಡಿಬಾ ಒಂದು ಮಾತೂ ಆಡಲಿಲ್ಲ. ಆಡಲು ಬಾಯಿ ತೆರೆಯುತ್ತಿದ್ದ, ಏನೋ ನೆನಪಾಗಿ ಮುಚ್ಚುತ್ತಿದ್ದ. ರೈಲು ಹತ್ತುವವರೆಗೂ ಹೀಗೇ ನಡೆಯಿತು. ಡಬ್ಬಿಯಲ್ಲಿ ಸುಂದರಬಾಯಿ, "ಮಾತಾಡ್ರಿ ಅತ್ಲಾಗ, ಮೂಕರ ಕೂಡ ಕುಂತಂಗ ಆಗ್ಯದ," ಎಂದಳು.

"ತಗಿ ತಗಿ," ಎಂದುಬಿಟ್ಟ ಧೊಂಡಿಬಾ. ಎದುರಿನ ಬಾಕಿನವರು ಈ ಮೂವರು ಯಾಕೆ ಹೀಗೆ ನಗುತ್ತಿದ್ದಾರೆಂದು ನೋಡಿದರು.

ಆ ವಾರವೇ ವೈಜಿನಾಥ ಮರದ ನಾಲ್ಕನೇ ಕೊಂಬೆಯನ್ನು ಕೆರೆದು ತೆಗೆದ. ಮೂರು ಭಾಷೆ, ಮೂವತ್ತೇಳು ಸಾಲು, ಒಂದು ಅಡಿಟಿಪ್ಪಣಿ ಎಂದು ಹೊಸದಾಗಿ ಬರೆದು ಹೈದರಾಬಾದಿನ ಒಬ್ಬ ಪ್ರಾಧ್ಯಾಪಕರಿಗೆ ಅಂಚೆಯಲ್ಲಿ ಕಳಿಸಿದ. ಉತ್ತರ ಬರಲಿಲ್ಲ.

ಹುಕುಂ ಮಾರ್ಚ್ ಹದಿನಾಲ್ಕರಂದು ಚಿಂಚೋಳಿಗೆ ಬಂತು. ಫರಾರಿ ಎಂಬ ಶಬ್ದವನ್ನು ಹೊಡೆದುಹಾಕಿ, 'ದುಷ್ಮನರ ಕೈಯಿಂದ ತಪ್ಪಿಸಿಕೊಂಡು ಹದಿನಾಲ್ಕು ತಿಂಗಳು ನ್ಯೂ ಗಿನಿಯ ಹಳ್ಳಿಗರ ಆಶ್ರಯದಲ್ಲಿದ್ದ' ಎಂದು ಬರೆದು ಶಿಕ್ಕಾ ಒತ್ತಿದ್ದರು. ಮರುದಿನ ಸುಂದರಬಾಯಿ ಅದನ್ನು ಹಿಡಿದು ಕಮಠಾಣಕ್ಕೆ ಹೋದಳು. ಹಣಮಂತಪ್ಪ ಅದನ್ನು ಕಟ್ಟೆಯ ಮೇಲೆ ಎಲ್ಲರ ಎದುರು ಎರಡು ಸಲ ಗಟ್ಟಿಯಾಗಿ ಓದಿದ.